ಭೀಮೆಯಿಂದ ಕೃಷ್ಣೆಗೆ: ಖಾಲಿ ಪೀಠದ ಬುದ್ಧನ ಜಾಡಿನಲ್ಲಿ

ಬೌದ್ಧ ಶಿಲ್ಪ ನೋಡಬೇಕು ಅಂದರೆ ನಮ್ಮ ಕಡೆಯವರು ಸೀದಾ ಅಜಂತಾಕ್ಕೋ ಸಾಂಚಿಗೋ ಹೊರಟುಬಿಡುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯಲ್ಲಿ ಸನ್ನತಿ ಮತ್ತು ಕನಗನಹಳ್ಳಿ ಇವೆ. ಭೀಮೆ ಮುಂದೆ ಹೋಗಿ ಕೃಷ್ಣೆಗೆ ಸೇರುತ್ತಾಳೆ. ಆ ಕೃಷ್ಣೆಯ ದಂಡೆಯಲ್ಲೇ ನಾಗಾರ್ಜುನಕೊಂಡ ಮತ್ತು ಅಮರಾವತಿ. ಮೂರೂ ಕಡೆ ಸ್ತೂಪ ಕಟ್ಟಿದ್ದು ಹೆಚ್ಚುಕಡಿಮೆ ಒಂದೇ ಕಾಲಘಟ್ಟದಲ್ಲಿ, ಕೆತ್ತಿದ್ದು ಒಂದೇ ಬಗೆಯ ಸುಣ್ಣದ ಕಲ್ಲಿನಲ್ಲಿ. ಹಾಗಾಗಿ ನದಿ ಹಿಡಿದು ಕೆಳಗಿಳಿದು ನೋಡೋಣ ಅಂತ ಹೊರಟೆವು.

ಜೊತೆಗಿದ್ದವರು ನಮ್ಮ ಭಾವ. ಅಕ್ಕನನ್ನು ಕೊಟ್ಟಿರುವುದು ಕಲಬುರಗಿಗೆ. ಭಾವನದು ಫರಸಿ ಕಲ್ಲಿನ ವ್ಯಾಪಾರ. ಬುದ್ಧನಿಗಿಂತ ಕಲ್ಲಿನ ಮೇಲೆ ಅವರಿಗೆ ಅಕ್ಕರೆ ಜಾಸ್ತಿ. ಅದರಿಂದ ನನಗೆ ಲಾಭವೇ ಆಯಿತು.

ಶನಿವಾರ: ಸನ್ನತಿ, ಕನಗನಹಳ್ಳಿ

ಬೆಳಗ್ಗೆ ಬೇಗ ಹೊರಟು ಶಹಾಬಾದ್, ವಾಡಿ, ನಾಲವಾರ ದಾಟಿ ಸನ್ನತಿ ಸೇರಿದೆವು. ದಾರಿಯುದ್ದಕ್ಕೂ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಚಪ್ಪಡಿ ಹೇರಿಕೊಂಡು ತೆವಳುವ ಲಾರಿಗಳು.

ಸನ್ನತಿಗೆ ಬರುವವರಲ್ಲಿ ಮುಕ್ಕಾಲು ಪಾಲು ಚಂದ್ರಲಾಂಬೆಯ ಭಕ್ತರು. ನಾವೂ ಮೊದಲು ಅಮ್ಮನಿಗೆ ಕೈಮುಗಿದೆವು. ಇಲ್ಲಿನ ಕಥೆ ಗೊತ್ತಿರಬಹುದು. 1986ರಲ್ಲಿ ಈ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ! ಅದು ಅಶೋಕನ ಶಾಸನ. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಅಲ್ಲಿನ ಸಾಲುಗಳು ಹೋಗಿವೆ. ಅಶೋಕ ತಾನು ಗೆದ್ದ ಕಳಿಂಗಕ್ಕೆಂದು ಬರೆಸಿದ, ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ 'ಪ್ರತ್ಯೇಕ ಶಾಸನ'ಗಳು ಭೀಮೆಯ ದಂಡೆಗೆ ಹೇಗೆ ಬಂದವು ಅಂತ ಪಂಡಿತರು ತಲೆ ಕೆಡಿಸಿಕೊಂಡರು.

ಅಲ್ಲಿಂದ ಕನಗನಹಳ್ಳಿ ಹತ್ತಿರವೇ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಇಲ್ಲಿ ಅಗೆದಾಗ ಒಂದು ಇಡೀ ಸ್ತೂಪ ಮಣ್ಣಿನಿಂದ ಎದ್ದುಬಂತು. ಶಾಸನಗಳು ಅದನ್ನು 'ಅಧೋಲೋಕ ಮಹಾಚೈತ್ಯ' ಅನ್ನುತ್ತವೆ. ಸ್ತೂಪ ಅಂದರೆ ಮೂಲತಃ ಅಸ್ಥಿ ಇಟ್ಟು ಮೇಲೆ ಕಟ್ಟಿದ ದಿಬ್ಬ. ಇಲ್ಲಿ ಆ ದಿಬ್ಬದ ಮೈಗೆ ಆಳೆತ್ತರದ ಚಪ್ಪಡಿ ಹೊದಿಸಿ, ಒಂದೊಂದರ ಮೇಲೂ ಮೇಲೊಂದು ಕೆಳಗೊಂದು ದೃಶ್ಯ ಕೆತ್ತಿದ್ದರು. ಸ್ತೂಪ ಕುಸಿದಾಗ ಚಪ್ಪಡಿಗಳೂ ಮುರಿದುಬಿದ್ದವು. ಬಹಳ ವರ್ಷ ಬಿಸಿಲು ಮಳೆಯಲ್ಲೇ ಬಿದ್ದಿದ್ದವು. ಈಗೀಗ ಅವನ್ನು ಜೋಡಿಸಿ ನಿಲ್ಲಿಸುವ ಕೆಲಸ ನಡೆದಿದೆ.

ಭಾವ ಮೊದಲ ಚಪ್ಪಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಅಂಚಿಗೆ ಬೆರಳಿಟ್ಟರು. ಮುಖದ ಕಡೆ ನೋಡಲೇ ಇಲ್ಲ.

"ಇದು ನಮ್ಮದೇ ಕಲ್ಲು ನೋಡಪ. ಪದರು ಹೆಂಗ ಎದ್ದದ ನೋಡು. ಗಣಿಯಿಂದ ತೆಗದಾಗ ಮೆತ್ತಗಿರ್ತದ, ಉಳಿ ಇಟ್ಟಂಗ ಬರ್ತದ. ಗಾಳಿ ಕುಡದ ಮ್ಯಾಲ ಗಟ್ಟಿ ಆಗ್ತದ."

ನಮ್ಮ ಮೈಸೂರು ಕಡೆಯ ಹಳೇ ಮನೆಗಳಲ್ಲಿ ಅಡುಗೆಮನೆ ನೆಲಕ್ಕೆ ಹಾಸಿದ್ದ ಶಹಾಬಾದ್ ಕಲ್ಲಿನ ಬಂಧುವೇ ಇದು. ಅದರಲ್ಲಿ ಕಿವಿಯೋಲೆಯ ಎಳೆ, ಪಂಚೆಯ ನೆರಿಗೆ, ಕುದುರೆಯ ಜೂಲು ಎಲ್ಲ ಬಂದಿವೆ.

ಒಂದು ಚಪ್ಪಡಿಯ ಮುಂದೆ ನಾನು ತುಂಬ ಹೊತ್ತು ನಿಂತೆ. ನಡುವೆ ಒಂದು ಪೀಠ. ಅದರ ಮೇಲೆ ದಿಂಬು. ಪೀಠದ ಹಿಂದೆ ಮರ, ಮೇಲೆ ಕೊಡೆ. ಕೆಳಗೆ ಕಾಲುಮಣೆಯ ಮೇಲೆ ಎರಡು ಪಾದದ ಗುರುತು, ಪ್ರತಿ ಪಾದದ ನಡುವೆ ಒಂದು ಚಕ್ರ. ಎರಡೂ ಬದಿ ಚಾಮರ ಬೀಸುವವರು, ಕೈಮುಗಿದು ನಿಂತವರು. ಎಲ್ಲರ ಕಣ್ಣೂ ಪೀಠದ ಕಡೆಗೆ. ಪೀಠದ ಮೇಲೆ ಯಾರೂ ಇಲ್ಲ.

ಬುದ್ಧನ ಕಾಲಾನಂತರ ಶತಮಾನಗಟ್ಟಲೆ ಶಿಲ್ಪಿಗಳು ಅವನನ್ನು ಹೀಗೇ ತೋರಿಸಿದರು. ಮರ ಮತ್ತು ಖಾಲಿ ಪೀಠ ಇದ್ದರೆ ಬೋಧಗಯೆಯಲ್ಲಿ ಜ್ಞಾನ ಸಿಕ್ಕ ಗಳಿಗೆ. ಚಕ್ರ, ಪಕ್ಕದಲ್ಲಿ ಜಿಂಕೆ ಇದ್ದರೆ ಸಾರನಾಥದ ಜಿಂಕೆವನದಲ್ಲಿ ಮಾಡಿದ ಮೊದಲ ಬೋಧೆ. ಸ್ತೂಪ ಇದ್ದರೆ ಕೊನೆಯ ನಿರ್ವಾಣ. ಬೆನ್ನ ಮೇಲೆ ಯಾರೂ ಇಲ್ಲದ ಕುದುರೆ, ಅದಕ್ಕೆ ಹಿಡಿದ ಕೊಡೆ ಕಂಡರೆ ಸಿದ್ಧಾರ್ಥ ಮನೆ ಬಿಟ್ಟು ಹೊರಟ ರಾತ್ರಿ. ಈ ಪಟ್ಟಿ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಆದರೆ ನನ್ನ ಅನುಭವದಲ್ಲಿ ಪಟ್ಟಿಗಿಂತ ಸುಲಭದ ದಾರಿ ಒಂದಿದೆ. ಚಪ್ಪಡಿಯಲ್ಲಿರುವ ಜನ ಎತ್ತ ನೋಡುತ್ತಿದ್ದಾರೆ, ಎತ್ತ ಬಾಗಿದ್ದಾರೆ ನೋಡಿ. ಅಲ್ಲಿ ಬುದ್ಧ ಇದ್ದಾನೆ.

ಆಳು ಕೆತ್ತಲು ಬಾರದೆ ಹೀಗೆ ಮಾಡಿದರೇ ಅಂತ ಯಾರಿಗಾದರೂ ಅನಿಸಿದರೆ ಅದಕ್ಕೆ ಉತ್ತರವೂ ಕನಗನಹಳ್ಳಿಯಲ್ಲೇ ಇದೆ. ಇಲ್ಲಿ ರಾಜರ ಚಿತ್ರಗಳಿವೆ, ಹೆಸರಿನ ಸಮೇತ. ಸಾತವಾಹನ ವಂಶದ ಸಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿ ಕಮಲ ಅರ್ಪಿಸುತ್ತಿದ್ದಾನೆ. ಅದೇ ವಂಶದ ಪುಳುಮಾವಿ, ಅಜಯತ ಅನ್ನುವವನಿಗೆ ಉಜ್ಜಯಿನಿ ಕೊಡುತ್ತಿದ್ದಾನೆ. ಮತ್ತೊಂದು ಕಡೆ, ಕೊಡೆ ಚಾಮರದವರ ನಡುವೆ ರಾಣಿಯ ಜೊತೆ ನಿಂತ ಒಬ್ಬ ದೊರೆ. ಮೇಲೆ ಬ್ರಾಹ್ಮಿಯಲ್ಲಿ 'ರಾಯಾ ಅಸೋಕೋ'. ಅಶೋಕ ತೀರಿಕೊಂಡು ಶತಮಾನಗಳಾದ ಮೇಲೆ ಕೆತ್ತಿದ್ದು, ಹಾಗಾಗಿ ಮುಖ ನೋಡಿ ಬಿಡಿಸಿದ್ದಲ್ಲ. ಆದರೂ ಹೆಸರು ಬರೆದು ಗುರುತಿಸಿದ ಅಶೋಕನ ಚಿತ್ರ ಅಂತ ಇರುವುದು ಇದೇ. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆ ಶಾಸನ, ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಗಟ್ಟಿಮಾಡಿತ್ತು. ಹೆಸರು ರಾಯಚೂರಲ್ಲಿ ಸಿಕ್ಕಿತು, ಚಿತ್ರ ಕಲಬುರಗಿಯಲ್ಲಿ ಸಿಕ್ಕಿತು. ಅದನ್ನು ಕೇಳಿ ಭಾವನಿಗೆ ಖುಷಿಯೋ ಖುಷಿ.

ಅಂದರೆ ರಾಜನ ಹೊಟ್ಟೆಯ ಮಡಿಕೆ, ಸೇವಕಿಯ ಕಾಲಿನ ಕಡಗ ಕೆತ್ತುವ ಕೈ, ಬುದ್ಧನ ಜಾಗಕ್ಕೆ ಬಂದಾಗ ಬೇಕೆಂದೇ ಸುಮ್ಮನಾಗಿದೆ. ಇದೇ ಜಾಗದಲ್ಲಿ ಸ್ವಲ್ಪ ಆಮೇಲಿನ ಕಾಲದ, ಮೈದಳೆದ ಬುದ್ಧನ ಮೂರ್ತಿಗಳೂ ಸಿಕ್ಕಿವೆ. ಎರಡೂ ಒಂದೇ ಅಂಗಳದಲ್ಲಿ.

ಸಂಜೆ ಅಕ್ಕನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಇದರ ಬಗ್ಗೆ ಜಾಸ್ತಿ ಬರೆದರೆ ಶಿಲ್ಪದ ಮಾತು ಮರೆತುಹೋಗುತ್ತದೆ.

ಭಾನುವಾರ: ದಾರಿಯಲ್ಲೇ

ಕಲಬುರಗಿಯಿಂದ ಹೈದರಾಬಾದ್, ಅಲ್ಲಿಂದ ನಾಗಾರ್ಜುನಸಾಗರ. ದಿನವೆಲ್ಲ ಕಾರಿನಲ್ಲೇ ಹೋಯಿತು. ಸಾಗರದ ಹತ್ತಿರ ತೆಲಂಗಾಣ ಸರ್ಕಾರ 2022ರಲ್ಲಿ ತೆರೆದ 'ಬುದ್ಧವನಂ' ಇದೆ. 274 ಎಕರೆ. ಹುಲ್ಲುಹಾಸು, ಹೊಸ ಸ್ತೂಪ, ಹೊಸದಾಗಿ ಕೆತ್ತಿದ ಜಾತಕ ಕಥೆಗಳು, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳು. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಒಳ್ಳೆಯದು. ನನಗೆ ಎಲ್ಲವೂ ಸ್ವಲ್ಪ ಜಾಸ್ತಿ ನುಣುಪು ಅನ್ನಿಸಿತು. ಭಾವ ಮಾತ್ರ ಕೆಲಸಗಾರರ ಕೈ ಚೆನ್ನಾಗಿದೆ ಅಂದರು.

ಸೋಮವಾರ: ನಾಗಾರ್ಜುನಕೊಂಡ

ಇದು ನಡುಗಡ್ಡೆಯಾದದ್ದು ಅಣೆಕಟ್ಟು ಬಂದ ಮೇಲೆ. ಮೊದಲು ಇದು ಕೃಷ್ಣೆಯ ಕಣಿವೆಯ ಪಕ್ಕದ ಬೆಟ್ಟ. ಕೆಳಗಿನ ಕಣಿವೆಯಲ್ಲಿ ಇಕ್ಷ್ವಾಕು ರಾಜರ ವಿಜಯಪುರಿ ಪಟ್ಟಣ ಇತ್ತು, ಕ್ರಿ.ಶ. 3ನೇ ಶತಮಾನದಲ್ಲಿ. 1926ರಲ್ಲಿ ಈ ಜಾಗ ಬೆಳಕಿಗೆ ಬಂತು. 1955ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ನೀರು ನಿಲ್ಲುವ ಮೊದಲು 1954ರಿಂದ 1960ರವರೆಗೆ ಕಣಿವೆಯನ್ನೆಲ್ಲ ಅಗೆದು, ಸಿಕ್ಕ ಶಿಲ್ಪಗಳನ್ನು ಬೆಟ್ಟದ ತಲೆಯ ಮೇಲಕ್ಕೆ ಸಾಗಿಸಿದರು. ಕೆಲವು ಸ್ತೂಪಗಳನ್ನು, ಭಿಕ್ಷುಗಳು ಇರುತ್ತಿದ್ದ ವಿಹಾರಗಳನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ ಮತ್ತೆ ಕಟ್ಟಿದರು. ಉಳಿದದ್ದೆಲ್ಲ ನೀರಿನಡಿ.

ಲಾಂಚಿನಲ್ಲಿ ಒಂದು ಗಂಟೆ ಹತ್ತಿರ ಪಯಣ. ಜನ ಸೇರುವವರೆಗೂ ಬಿಡುವುದಿಲ್ಲ. ಕಾಯುತ್ತಾ ಕೂತಾಗ ಗಾಳಿ ಚೆನ್ನಾಗಿತ್ತು ಅನ್ನುವುದೇ ಸಮಾಧಾನ.

ಇಲ್ಲಿನ ಮಹಾಚೈತ್ಯದ ತಳಪಾಯ ನೋಡಿದರೆ ಸ್ತೂಪದ ಬಗ್ಗೆ ಅದುವರೆಗೆ ಅಂದುಕೊಂಡದ್ದು ಬದಲಾಗುತ್ತದೆ. ಹೊರಗಿನಿಂದ ದುಂಡಗಿನ ದಿಬ್ಬ. ಒಳಗಡೆ ಇಟ್ಟಿಗೆ ಗೋಡೆಗಳನ್ನು ಗಾಡಿ ಚಕ್ರದ ಹಾಗೆ ಕಟ್ಟಿದ್ದಾರೆ. ನಡುವೆ ಗುಂಬ, ಅದರಿಂದ ಹೊರಟ ಅರಗಳು, ಸುತ್ತ ಪಟ್ಟಿ. ಸುಮಾರು 32 ಮೀಟರ್ ಅಗಲ. ನಡುನಡುವಿನ ಜಾಗಕ್ಕೆ ಮಣ್ಣು ತುಂಬಿ ಮೇಲೆ ಮುಚ್ಚಿದ್ದರು. ಅಂದರೆ ಈ ಧರ್ಮಚಕ್ರ ಪೂಜೆಗೆ ಬಂದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

"ಹಂಗಾದ್ರ ಯಾರಿಗಂತ ಕಟ್ಟಿದ್ರು?" ಅಂತ ಭಾವ ಕೇಳಿದರು. ಎಂಜಿನಿಯರುಗಳು ಹೇಳುವ ಹಾಗೆ ಅರಗಳು ಕಟ್ಟಡಕ್ಕೆ ಬಲ ಕೊಡುತ್ತವೆ, ಇಟ್ಟಿಗೆ ಉಳಿಯುತ್ತದೆ. ಅದು ನಿಜವೇ. ಆದರೆ ಇಲ್ಲಿನ ಬೇರೆ ಸ್ತೂಪಗಳಲ್ಲಿ ನಡುವೆ ಸ್ವಸ್ತಿಕವೂ ಇದೆ. ಬರೀ ಬಲಕ್ಕಾಗಿ ಯಾರೂ ಸ್ವಸ್ತಿಕ ಕಟ್ಟುವುದಿಲ್ಲ ಅಲ್ವಾ?

ಸ್ತೂಪದ ನಾಲ್ಕೂ ದಿಕ್ಕಿಗೆ ಚಾಚಿದ ಜಗಲಿಗಳ ಮೇಲೆ ಐದೈದು ಕಂಬ ನಿಲ್ಲಿಸುತ್ತಿದ್ದರು. ಇವೇ ಆಯಕ ಕಂಬಗಳು. ಹುಟ್ಟು, ಮನೆ ಬಿಟ್ಟದ್ದು, ಜ್ಞಾನ, ಮೊದಲ ಬೋಧೆ, ನಿರ್ವಾಣ, ಈ ಐದನ್ನು ಅವು ಹೇಳುತ್ತವೆ ಅನ್ನುತ್ತಾರೆ. ಸಾಂಚಿಯಲ್ಲಿ ಇವಿಲ್ಲ. ಇದು ಕೃಷ್ಣಾ ತೀರದ ಪದ್ಧತಿ. ಮಹಾಚೈತ್ಯದ ಕಂಬಗಳ ಮೇಲಿನ ಬರಹದಿಂದ ಅದಕ್ಕೆ ದಾನ ಕೊಟ್ಟ ರಾಜಮನೆತನದ ಹೆಂಗಸಿನ ಹೆಸರು ಗೊತ್ತಾಗಿದೆ: ಚಾಂತಿಸಿರಿ, ದೊರೆ ಚಾಂತಮೂಲನ ಒಡಹುಟ್ಟಿದವಳು. ಇಕ್ಷ್ವಾಕು ರಾಜರು ಯಜ್ಞ ಯಾಗ ಮಾಡುತ್ತಿದ್ದರು, ಅವರ ಮನೆಯ ಹೆಂಗಸರು ಬುದ್ಧನಿಗೆ ಚೈತ್ಯ ಕಟ್ಟಿಸುತ್ತಿದ್ದರು. ಒಂದೇ ಮನೆಯಲ್ಲಿ ಎರಡೂ ನಡೆಯುತ್ತಿತ್ತು. ಇನ್ನೊಬ್ಬಳು ಕೊಡಬಲಿಸಿರಿ. ಅವಳು ವನವಾಸದ ಮಹಾರಾಜನ ರಾಣಿ, ಅಂದರೆ ನಮ್ಮ ಬನವಾಸಿಗೆ ಕೊಟ್ಟ ಹೆಣ್ಣುಮಗಳು. ತವರಿಗೆ ಬಂದು ಭಿಕ್ಷುಗಳಿಗೆ ವಿಹಾರ ಕಟ್ಟಿಸಿದ್ದಾಳೆ.

ಮ್ಯೂಸಿಯಂ ಒಳಗೆ ಹೋದರೆ ಎದುರಿಗೆ ಬುದ್ಧ. ಆಳಿಗಿಂತ ಎಷ್ಟೋ ಎತ್ತರ. ಬಲ ಹೆಗಲು ಬರಿದು, ಎಡ ಹೆಗಲ ಮೇಲಿಂದ ಇಳಿದ ಚೀವರ. ಬಟ್ಟೆಯ ನೆರಿಗೆಗಳು ಮೈಯ ಮೇಲೆ ಅಡ್ಡಲಾಗಿ ಹರಿದು ಬಂದು, ಕಾಲ ಹತ್ತಿರ ದಪ್ಪ ಅಂಚಾಗಿ ಸುತ್ತಿಕೊಂಡಿವೆ. ಆ ಅಂಚು ನೋಡಿದರೆ ಕೃಷ್ಣಾ ತೀರದ ಕೈಕೆಲಸ ಅಂತ ಗುರುತು ಹಿಡಿಯಬಹುದು. ಶ್ರೀಲಂಕಾದ ಹಳೆಯ ಬುದ್ಧ ಮೂರ್ತಿಗಳಲ್ಲೂ ಈ ರೂಢಿ ಕಾಣುತ್ತದೆ. ನಾಗಾರ್ಜುನಕೊಂಡದಲ್ಲಿ ಸಿಂಹಳದ ಭಿಕ್ಷುಗಳಿಗೆಂದೇ ಒಂದು ವಿಹಾರ ಇತ್ತು.

ಮೈದಳೆದ ಬುದ್ಧನ ಮುಂದೆ ನಿಂತಾಗ ಹಳೆಯ ವಾದ ನೆನಪಾಯಿತು. ಮೊದಲು ಅವನನ್ನು ಕೆತ್ತದೆ ಇದ್ದದ್ದು ಯಾಕೆ? ನಿರ್ವಾಣ ಹೊಂದಿದವನನ್ನು ಮತ್ತೆ ಆಕಾರಕ್ಕೆ ಎಳೆಯುವುದು ಸರಿಯಲ್ಲ ಅಂದುಕೊಂಡಿದ್ದರು ಅನ್ನುವವರಿದ್ದಾರೆ. ಇನ್ನು ಕೆಲವು ವಿದ್ವಾಂಸರ ಪ್ರಕಾರ ಖಾಲಿ ಪೀಠದ ಎಷ್ಟೋ ಚಿತ್ರಗಳು ಬುದ್ಧನ ಬದುಕಿನ ಕಥೆಯೇ ಅಲ್ಲ. ಆಮೇಲಿನ ಭಕ್ತರು ಬೋಧಗಯೆಗೋ ಸಾರನಾಥಕ್ಕೋ ಹೋಗಿ ಅಲ್ಲಿನ ಮರ, ಪೀಠ, ಚಕ್ರಕ್ಕೆ ಪೂಜೆ ಮಾಡುವ ದೃಶ್ಯ ಅವು. ಎರಡನೆಯದು ಕೆಲವು ಚಪ್ಪಡಿಗಳಿಗೆ ಸರಿಹೋಗುತ್ತದೆ. ಆದರೆ ಸವಾರನಿಲ್ಲದ ಕುದುರೆಗೆ ಕೊಡೆ ಹಿಡಿದಿರುವುದಕ್ಕೆ ಅದು ಉತ್ತರ ಕೊಡುವುದಿಲ್ಲ ಅಂತ ನನಗನಿಸುತ್ತದೆ.

ಲಾಂಚಿನವರು ಸೀಟಿ ಊದಿದರು. ಪ್ಯಾಂಟು ತೊಟ್ಟ, ಮಧ್ಯ ಏಷ್ಯಾ ಮೂಲದ ಶಕ ಸೈನಿಕನ ಕಂಬವನ್ನೂ, ಕುಡಿಯುವ ಕೊಂಬು ಹಿಡಿದ ಗ್ರೀಕ್ ದೇವತೆಯಂಥ ಗಂಡಸನ್ನೂ ಓಡುತ್ತಲೇ ನೋಡಿದೆವು. ಕಡಲಾಚೆಯ ವ್ಯಾಪಾರ ಇಲ್ಲಿವರೆಗೂ ಬಂದಿತ್ತು.

ಮಂಗಳವಾರ: ಪಿಡುಗುರಾಳ್ಳ ದಾಟಿ ಅಮರಾವತಿ

ಮಾಚರ್ಲ, ಪಿಡುಗುರಾಳ್ಳ, ಸತ್ತೆನಪಲ್ಲಿ ಮೇಲೆ ಅಮರಾವತಿ. ಪಿಡುಗುರಾಳ್ಳದಲ್ಲಿ ರಸ್ತೆ ಪಕ್ಕದ ಮರಗಳ ಎಲೆಯೂ ಬಿಳಿ. ಊರೆಲ್ಲ ಸುಣ್ಣದ ಭಟ್ಟಿ. ಭಾವ ಕಾರು ನಿಲ್ಲಿಸಿ ಒಂದು ಭಟ್ಟಿಯವರ ಹತ್ತಿರ ಅರ್ಧ ತೆಲುಗು ಅರ್ಧ ದಖನಿಯಲ್ಲಿ ರೇಟು ವಿಚಾರಿಸಿ ಬಂದರು.

"ಕೆತ್ತಿದ್ರ ದೇವ್ರು, ಹಾಸಿದ್ರ ಫರಸಿ, ಸುಟ್ರ ಸುಣ್ಣ. ಕಲ್ಲು ಒಂದೇ," ಅಂದರು.

ಅವರು ಸುಮ್ನೆ ಅಂದದ್ದು ಅಮರಾವತಿಯಲ್ಲಿ ನಿಜವಾಗಿಯೇ ನಡೆದಿದೆ. 1790ರ ದಶಕದಲ್ಲಿ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅನ್ನುವ ಜಮೀನ್ದಾರ ಇಲ್ಲಿ ಹೊಸ ಪಟ್ಟಣ ಕಟ್ಟಿಸಿದಾಗ, ಹತ್ತಿರದ ದಿಬ್ಬದಲ್ಲಿ ಒಳ್ಳೆಯ ಕಲ್ಲಿದೆ ಅಂತ ಅಗೆಸಿದ. ಕೆಲವು ಕಟ್ಟಡಕ್ಕೆ ಹೋದವು, ಕೆಲವು ಸುಣ್ಣಕ್ಕೆ ಹೋದವು. 1797ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಬಂದು ನೋಡಿದ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದ, ನಮ್ಮ ಹಳ್ಳಿಗಳ ಕೈಫಿಯತ್ತು, ಅಂದರೆ ಊರ ಚರಿತ್ರೆ ಬರೆಸಿದ ಮೆಕೆಂಜಿಯೇ ಇವನು. 1816ರಲ್ಲಿ ಅವನು ವಾಪಸು ಬಂದಾಗ ಸ್ತೂಪದ ನಟ್ಟನಡುವೆ ಕೆರೆ ತೋಡಿ ಆಗಿತ್ತು. ಉಳಿದ ಚಪ್ಪಡಿಗಳ ಚಿತ್ರ ಬರೆಸಿಕೊಂಡ. ಇವತ್ತು ನಮಗೆ ಆ ಸ್ತೂಪ ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಚಿತ್ರಗಳಿಂದ.

1845ರಲ್ಲಿ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಅಗೆದು ತೆಗೆದದ್ದು ಮದ್ರಾಸಿಗೆ ಹೋಯಿತು. ಅಲ್ಲಿಂದ 1859ರಲ್ಲಿ ಬಹಳಷ್ಟು ಲಂಡನ್ನಿಗೆ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿ 120ಕ್ಕೂ ಹೆಚ್ಚು ತುಂಡುಗಳಿವೆ. ಇಲ್ಲಿ ಉಳಿದಿರುವುದು ಒಂದು ದುಂಡನೆಯ ತಗ್ಗು ದಿಬ್ಬ, ಸುತ್ತ ನಿಲ್ಲಿಸಿದ ಕೆಲವು ಕಲ್ಲು, ಹುಲ್ಲು, ಒಬ್ಬ ಕಾವಲುಗಾರ. ಸುಮಾರು 50 ಮೀಟರ್ ಅಗಲದ ಸ್ತೂಪ ಇಲ್ಲಿ ನಿಂತಿತ್ತು ಅಂತ ಕಣ್ಣಿಗೆ ನಂಬಿಸುವುದು ಕಷ್ಟ.

ಪಕ್ಕದ ಮ್ಯೂಸಿಯಂ ಚಿಕ್ಕದು, ಆದರೆ ಬಿಡಬೇಡಿ. ಅಮರಾವತಿಯ ಶಿಲ್ಪಿಗಳ ಒಂದು ಒಳ್ಳೆಯ ಅಭ್ಯಾಸ, ಸ್ತೂಪದ ಚಪ್ಪಡಿಯ ಮೇಲೆ ಸ್ತೂಪವನ್ನೇ ಕೆತ್ತುವುದು. ಬಾಗಿಲಲ್ಲಿ ಸಿಂಹ, ಐದು ಆಯಕ ಕಂಬ, ಕಟಾಂಜನ, ಮೇಲೆ ಹಾರಿ ಬರುವ ದೇವತೆಗಳು, ಎಲ್ಲ ಮೊಳ ಎರಡು ಮೊಳದ ಕಲ್ಲಿನಲ್ಲಿ. ಹೊರಗೆ ಬರಿದಾದ ದಿಬ್ಬ ಮೊದಲು ಹೇಗಿತ್ತು ಅಂತ ಇದನ್ನು ನೋಡಿ ತಿಳಿಯಬೇಕು. ಇನ್ನೊಂದು ಕಡೆ ಪೂರ್ಣಘಟ. ತುಂಬಿದ ಕೊಡದ ಬಾಯಿಂದ ಕಮಲದ ಹೂವು, ಮೊಗ್ಗು, ಎಲೆ ಹೊರಚೆಲ್ಲಿವೆ. ಕೊಡ ಅಂದರೆ ತುಂಬಿದ ಬಾಳು, ಕಮಲ ಅಂದರೆ ಕೆಸರು ಅಂಟದ ಹುಟ್ಟು. ನಮ್ಮ ಮನೆ ಬಾಗಿಲಿಗೆ ಕಲಶ ಇಡುವುದನ್ನು ಬೌದ್ಧರಿಂದ ಕಲಿತೆವೋ, ಎಲ್ಲರೂ ಇನ್ನೂ ಹಳೆಯ ಕಾಲದಿಂದ ತಂದೆವೋ, ಯಾವ ಗುಂಪಿಗೂ ಇದು ಪರಕೀಯ ಅಲ್ಲ.

ಲಂಡನ್ನಿಗೆ ಹೋದ ಒಂದು ಚಪ್ಪಡಿಯನ್ನು ಫೋನಿನಲ್ಲಿ ಭಾವನಿಗೆ ತೋರಿಸಿದೆ. ಬುದ್ಧ ಹುಟ್ಟಿದ ಗಳಿಗೆ; ಅವನ ತಾಯಿ ಮಾಯಾದೇವಿ ಮರದ ಕೊಂಬೆ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ದೇವತೆಗಳು ಉದ್ದನೆಯ ಬಟ್ಟೆ ಚಾಚಿ ಕೂಸನ್ನು ಎತ್ತಿಕೊಂಡಿದ್ದಾರೆ. ಕೂಸಿಲ್ಲ. ಬಟ್ಟೆಯ ಮೇಲೆ ಪುಟ್ಟ ಪುಟ್ಟ ಪಾದದ ಗುರುತು. ಭಾವ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. "ಅಕ್ಕಗ ಕಳಸು," ಅಂದರು. ಅವರು ಶಿಲ್ಪದ ಬಗ್ಗೆ ಇಷ್ಟು ಮನಸ್ಸು ಕೊಟ್ಟದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಗೊಂಗೂರ. ಅದೇ ಪುಂಡಿ ಸೊಪ್ಪು, ಖಾರ ಮಾತ್ರ ಆಂಧ್ರದ್ದು. ರಾತ್ರಿ ವಿಜಯವಾಡದಿಂದ ಚೆನ್ನೈ ರೈಲು.

ಬುಧವಾರ: ಚೆನ್ನೈ ಎಗ್ಮೋರ್

ಅಮರಾವತಿ ನೋಡಲು ಅಮರಾವತಿಗೆ ಹೋದರೆ ಸಾಲದು, ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಬರಲೇಬೇಕು. ಇಲ್ಲಿ ಎರಡೂ ಕಾಲದ ಬುದ್ಧ ಒಂದೇ ಸೂರಿನಡಿ ಸಿಗುತ್ತಾನೆ.

ಒಂದು ಕಡೆ ಪೀಠದ ಮೇಲೆ ಉರಿವ ಕಂಬ. ಬುಡದಲ್ಲಿ ಎರಡು ಪಾದ, ತುದಿಯಲ್ಲಿ ತ್ರಿಶೂಲದಂಥ ತ್ರಿರತ್ನ: ಬುದ್ಧ, ಧರ್ಮ, ಸಂಘ. ಎರಡು ಅಂಚಿನಿಂದಲೂ ನಾಲಗೆ ಚಾಚಿದ ಜ್ವಾಲೆ. ಇದು ಬೆಂಕಿಯ ಕಂಬವಾಗಿ ನಿಂತ ಬುದ್ಧ. ಇನ್ನೊಂದು ಕಡೆ, ಖಾಲಿ ಪೀಠದ ಮುಂದಿನ ಪಾದಗಳಿಗೆ ಅಡ್ಡಬಿದ್ದ ಹೆಂಗಸರು. ಬಾಗಿದ ಬೆನ್ನು, ನೆಲಕ್ಕೆ ತಾಗಿದ ತಲೆ, ಸಡಿಲಾದ ಜಡೆ. ಮುಖ ಹೆಚ್ಚು ಕಾಣುವುದೇ ಇಲ್ಲ. ಬೆನ್ನಿನಲ್ಲೇ ಭಕ್ತಿ ತೋರಿಸಿದ ಆ ಶಿಲ್ಪಿಗೆ ಬುದ್ಧನ ಮೈ ಕೆತ್ತುವ ಅಗತ್ಯವೇ ಇರಲಿಲ್ಲ.

ಆಮೇಲೆ ನಾಲಗಿರಿ ಅನ್ನುವ ಆನೆಯ ಕಥೆ ಕೆತ್ತಿದ ವೃತ್ತ. ಬುದ್ಧನನ್ನು ಕೊಲ್ಲಿಸಲು ಅವನ ದಾಯಾದಿ ದೇವದತ್ತ ರಾಜಗೃಹದ ಬೀದಿಗೆ ಮದ್ದಾನೆ ಬಿಡಿಸಿದ ಕಥೆ. ಒಂದೇ ದುಂಡು ಚೌಕಟ್ಟಿನಲ್ಲಿ ಆನೆ ಎರಡು ಸಲ ಇದೆ. ಎಡಗಡೆ ಒಬ್ಬನನ್ನು ಸೊಂಡಿಲಲ್ಲಿ ಸೆಳೆದು ತುಳಿಯುತ್ತಿದೆ, ಜನ ಚೆಲ್ಲಾಪಿಲ್ಲಿ, ಹೆದರಿದ ಹೆಂಗಸೊಬ್ಬಳು ಪಕ್ಕದವನನ್ನು ತಬ್ಬಿಕೊಂಡಿದ್ದಾಳೆ, ಮೇಲೆ ಕಿಟಕಿಗಳಲ್ಲಿ ಬಗ್ಗಿ ನೋಡುವ ಮುಖಗಳು. ಬಲಗಡೆ ಅದೇ ಆನೆ ಮಂಡಿಯೂರಿ ತಲೆ ತಗ್ಗಿಸಿದೆ. ಎದುರಿಗೆ ಬುದ್ಧ, ಮನುಷ್ಯ ರೂಪದಲ್ಲೇ, ಹಿಂದೆ ಭಿಕ್ಷುಗಳು. ಎಡದ ಗದ್ದಲ ಬಲಕ್ಕೆ ಬರುವಷ್ಟರಲ್ಲಿ ಇಳಿದುಹೋಗುತ್ತದೆ. ಇದಕ್ಕೆ ಖಾಲಿ ಪೀಠ ಒಗ್ಗುತ್ತಿರಲಿಲ್ಲ. ಆನೆಗೆ ಎದುರು ನಿಲ್ಲಲು ಒಬ್ಬ ಮನುಷ್ಯನೇ ಬೇಕು. ಹೀಗೆ ಕಥೆ ಹೇಳುವ ಆಸೆ ಜಾಸ್ತಿಯಾದಾಗ ಮೂರ್ತಿ ಬಂತು ಅಂತ ನನಗೆ ಅನಿಸಿದ್ದು ಈ ಕಲ್ಲಿನ ಮುಂದೆ.

ಭಾವ ಒಪ್ಪಲಿಲ್ಲ. "ಗಿರಾಕಿ ಕೇಳ್ಯಾನ, ಇವ್ರು ಕೆತ್ಯಾರ. ಇಷ್ಟೇ." ದಾನ ಕೊಟ್ಟವರ ಹೆಸರು ಎಷ್ಟೋ ಕಲ್ಲುಗಳ ಮೇಲೆ ಬರೆದಿಟ್ಟ ಊರುಗಳನ್ನು ನೋಡಿ ಬಂದ ಮೇಲೆ ಅದನ್ನು ತಳ್ಳಿಹಾಕಲು ನನಗೂ ಆಗಲಿಲ್ಲ.

ಹೋಗುವವರಿಗೆ: ನಾಗಾರ್ಜುನಕೊಂಡ, ಅಮರಾವತಿ, ಎಗ್ಮೋರ್, ಮೂರೂ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಕನಗನಹಳ್ಳಿಗೆ ಬೆಳಗ್ಗೆ ಬೇಗ ಅಥವಾ ಇಳಿಹೊತ್ತಿಗೆ ಹೋಗಿ. ನಡುಬಿಸಿಲಲ್ಲಿ ಕೆತ್ತನೆ ಕಣ್ಣಿಗೆ ಹತ್ತುವುದಿಲ್ಲ, ಓರೆ ಬೆಳಕು ಬೇಕು. ನೀರು, ಊಟ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಲಂಡನ್ನಿನಲ್ಲಿ ಮಕ್ಕಳೋ ನೆಂಟರೋ ಇದ್ದರೆ ಬ್ರಿಟಿಷ್ ಮ್ಯೂಸಿಯಂನ 33ಎ ಕೋಣೆಗೆ ಕಳಿಸಿ, ಟಿಕೆಟ್ ಬೇಕಿಲ್ಲ. ಬಟ್ಟೆಯ ಮೇಲಿನ ಪಾದಗಳ ಒಳ್ಳೆಯ ಫೋಟೋ ನಮ್ಮ ಅಕ್ಕನಿಗೆ ಇನ್ನೂ ಬೇಕಾಗಿದೆ.